ಬಳಪದ ಧೂಳು: ನಮ್ಮ ಸ್ಲೇಟಿನ ಹಿಂದಿನ ಒಂದು ಚರಿತ್ರೆ



ಮೊನ್ನೆ ಎರಡನೇ ತರಗತಿಯಲ್ಲಿ ಕೂಡಿಸುವ ಲೆಕ್ಕ ಮಾಡಿಸುತ್ತಿದ್ದೆ. ಒಬ್ಬ ಹುಡುಗ ಲೆಕ್ಕ ಬಿಟ್ಟು ಬಳಪವನ್ನು ನೆಲಕ್ಕೆ ತಿಕ್ಕಿ ಚೂಪು ಮಾಡುತ್ತಾ ಕುಳಿತಿದ್ದ. ಮುಂದೆ ಬೆಳ್ಳಗೆ ಪುಡಿ ಬಿದ್ದಿತ್ತು. ಅದನ್ನು ಉಫ್ ಎಂದು ಊದಿದ. "ಯಾಕಪ್ಪಾ, ಲೆಕ್ಕ ಯಾರು ಮಾಡಬೇಕು?" ಎಂದೆ. ಅವನು ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲ. "ಸಾರ್, ಇದನ್ನ ಯಾರು ಮಾಡ್ತಾರೆ?" ಎಂದು ಬಳಪ ತೋರಿಸಿ ಕೇಳಿದ. "ಫ್ಯಾಕ್ಟರಿಯಲ್ಲಿ ಮಾಡ್ತಾರೆ, ಈಗ ಲೆಕ್ಕ ಮಾಡು" ಎಂದು ಹೇಳಿ ಮುಂದಕ್ಕೆ ಹೋದೆ.

ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸರಿ ಅನ್ನಿಸಲಿಲ್ಲ. 'ಯಾರು' ಎಂದು ಮಗು ಕೇಳಿದರೆ ನಾನು 'ಎಲ್ಲಿ' ಎಂದು ಹೇಳಿದ್ದೆ. ಅದೂ ಅರ್ಧ ಸತ್ಯ. ನಾವು ಫ್ಯಾಕ್ಟರಿ ಎಂದು ಕರೆಯುವ ಎಷ್ಟೋ ಜಾಗಗಳು ಕಾನೂನಿನ ಪುಸ್ತಕದಲ್ಲಿ ಫ್ಯಾಕ್ಟರಿಗಳೇ ಅಲ್ಲ. ಇದರ ಹಿಂದೆ ಒಂದು ಚರಿತ್ರೆ ಇದೆ. ನಮ್ಮ ಸಮಾಜ ವಿಜ್ಞಾನದ ಪಾಠಗಳಲ್ಲಿ ಅದು ಬರುವುದಿಲ್ಲ. ಶಾಲೆಗೆ ಅಷ್ಟು ಹತ್ತಿರದ ವಿಷಯವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬಳಪ ಎಂಬ ಹೆಸರು

ನಮ್ಮದು ರಾಯದುರ್ಗದ ಕಡೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈಚೆಗೆ ಬಂದವು, ಬಳ್ಳಾರಿ ಆಚೆಗೆ ಹೋಯಿತು. ಶಾಲೆಯೊಳಗೆ ಕನ್ನಡ, ಹೊರಗೆ ಅರ್ಧ ತೆಲುಗು. ನಾವು ಬಳಪ ಎನ್ನುವುದನ್ನು ಪಕ್ಕದ ತೆಲುಗು ಮೀಡಿಯಂ ಮಕ್ಕಳು ಬಲಪಂ ಎನ್ನುತ್ತಾರೆ. ಸ್ಲೇಟಿಗೆ ಅವರು ಪಲಕ ಎನ್ನುತ್ತಾರೆ, ನಮ್ಮ ಮಕ್ಕಳ ಬಾಯಲ್ಲೂ ಅದೇ ಬರುತ್ತದೆ.

ಬಳಪ ಹಳೆಯ ಮಾತು. ಬಳಪದ ಕಲ್ಲು ಎಂದರೆ ಉಗುರಿಗೂ ಗೀರು ಬೀಳುವಂಥ ಮೆತ್ತನೆಯ ಕಲ್ಲು. ಬೇಲೂರು ಹಳೇಬೀಡಿನ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾದದ್ದು ಈ ಜಾತಿಯ ಕಲ್ಲಿನಿಂದ. ಹಿಂದೆ ಶಾನುಭೋಗರೂ ವ್ಯಾಪಾರಿಗಳೂ ಲೆಕ್ಕ ಬರೆಯುತ್ತಿದ್ದ ಕಡತವೂ ಬಳಪವನ್ನೇ ನಂಬಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಚಿದರೆ ಕಡತ ಆಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆದರೆ ಬಿಳಿ ಅಕ್ಷರ ಮೂಡುತ್ತಿತ್ತು, ಬೇಡವಾದಾಗ ಒರೆಸಬಹುದಿತ್ತು. ಆಫೀಸಿನ ಫೈಲಿಗೆ ಕಡತ ಎಂಬ ಹೆಸರು ಉಳಿದಿರುವುದು ಹೀಗೆ.

ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಶಾಲೆಗಳು ಹೆಚ್ಚಾದಂತೆ ಮಕ್ಕಳ ಕೈಗೆ ಸ್ಲೇಟು ಬಂತು. ಅದರ ಜೊತೆ ಕಲ್ಲಿನಿಂದ ಕತ್ತರಿಸಿದ ಸ್ಲೇಟು ಕಡ್ಡಿಯೂ ಬಂತು. ಕಲ್ಲು ಬೇರೆ, ಊರು ಬೇರೆ, ಆದರೂ ನಾವು ಅದನ್ನು ಬಳಪ ಎಂದೇ ಕರೆದೆವು.

ಎರಡು ಊರುಗಳು

ನನ್ನ ವಯಸ್ಸಿನವರು ಬರೆದ ಕಲ್ಲಿನ ಸ್ಲೇಟುಗಳಿಗೆ ಹೆಸರಾದ ಊರು ನಮ್ಮ ಆಂಧ್ರದ ಮಾರ್ಕಾಪುರ. ನೆಲದಿಂದ ತೆಗೆದ ಪದರ ಪದರದ ಕಲ್ಲನ್ನು ಸೀಳಿ, ತೆಳ್ಳಗೆ ಮಾಡಿ, ಅಳತೆಗೆ ಕತ್ತರಿಸಿ, ಉಜ್ಜಿ, ಮರದ ಚೌಕಟ್ಟು ಹಾಕುವ ಕೆಲಸ. ಕಡ್ಡಿಗೆ ಹೆಸರಾದ ಊರು ಮಧ್ಯಪ್ರದೇಶದ ಮಂದಸೌರ್. ಅಲ್ಲಿ ಮುಲ್ತಾನ್‌ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಶೇಲ್ ಎಂಬ ಕಲ್ಲಿನ ಹಲಗೆಗಳನ್ನು ಕರೆಂಟಿನಿಂದ ತಿರುಗುವ ದುಂಡು ಗರಗಸಕ್ಕೆ ಕೊಟ್ಟು ಕಡ್ಡಿಗಳಾಗಿ ಸೀಳುತ್ತಿದ್ದರು. ಒಂದು ಶೆಡ್ಡು, ಕೆಲವು ಗರಗಸ, ಕೆಲವೇ ಜನ ಆಳು. ಕತ್ತರಿಸುವವನ ಮುಖ ಗರಗಸದಿಂದ ಒಂದು ಮೊಳ ದೂರ. ಒಣ ಕಲ್ಲು ಸೀಳಿದರೆ ಏನಾಗುತ್ತದೆ ಎಂಬುದು ಮನೆ ಕಟ್ಟುವಾಗ ಟೈಲ್ಸ್ ಕತ್ತರಿಸುವುದನ್ನು ನೋಡಿದವರಿಗೆಲ್ಲ ಗೊತ್ತು. ಶೆಡ್ಡು ತುಂಬ ಹೊಗೆಯಂತೆ ಧೂಳು.

ಗರಗಸಕ್ಕೆ ಬೆರಳು ಸಿಕ್ಕರೆ ರಕ್ತ ಕಾಣುತ್ತದೆ, ನಾಲ್ಕು ಜನ ಓಡಿ ಬರುತ್ತಾರೆ. ಧೂಳಿನಿಂದ ಆಗುವ ಗಾಯ ಹಾಗಲ್ಲ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ, ಸೀನಿದರೆ ಕೆಮ್ಮಿದರೆ ಹೊರಗೆ ಬರುತ್ತದೆ. ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಸಣ್ಣ ಕಣ ಮಾತ್ರ ಶ್ವಾಸಕೋಶದ ತಳದ ಗಾಳಿಚೀಲಗಳವರೆಗೆ ಇಳಿಯುತ್ತದೆ. ಆ ಕಣದಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಅಂಶ, ಇದ್ದರೆ ಅದನ್ನು ನುಂಗಲು ಬಂದ ನಮ್ಮ ರಕ್ಷಣಾ ಜೀವಕೋಶಗಳೇ ಸಾಯುತ್ತವೆ. ಸತ್ತ ಕಡೆ ಗಾಯದ ಕಲೆಯಂತೆ ಗಟ್ಟಿ ನಾರು ಬೆಳೆಯುತ್ತದೆ. ಸ್ಪಂಜಿನಂತೆ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಬಿಗಿಯುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಗಟ್ಟಿಯಾದ ಶ್ವಾಸಕೋಶವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧ ಇವತ್ತಿಗೂ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಅದರ ಮೇಲೆ ಕ್ಷಯ ಬೇಗ ಅಂಟುತ್ತದೆ.

ಪೋಷಕರು ಗಾಬರಿ ಆಗಬೇಕಿಲ್ಲ. ಸ್ಲೇಟಿನ ಮೇಲೆ ಬರೆಯುವ ಮಗುವಿಗೆ ಈ ರೋಗ ಬರುವುದಿಲ್ಲ. ಇದು ದಿನಗಟ್ಟಲೆ, ವರ್ಷಗಟ್ಟಲೆ ಒಣ ಕಲ್ಲು ಕತ್ತರಿಸುವ, ಒಡೆಯುವ, ಪುಡಿ ಮಾಡುವವರ ರೋಗ.

ಅಹಮದಾಬಾದಿನ ರಾಷ್ಟ್ರೀಯ ಉದ್ಯೋಗ ಆರೋಗ್ಯ ಸಂಸ್ಥೆಯ ವೈದ್ಯರು ಮಂದಸೌರ್‌ನ 593 ಸ್ಲೇಟು ಕಡ್ಡಿ ಕಾರ್ಮಿಕರನ್ನು ಪರೀಕ್ಷಿಸಿ 1985ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 324 ಜನರ ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕಂಡಿತು, ಅಂದರೆ ಅರ್ಧಕ್ಕಿಂತ ಹೆಚ್ಚು. ಮುಂದೆ ಅದೇ ಕಾರ್ಮಿಕರನ್ನು ಗಮನಿಸುತ್ತಾ ಹೋದಾಗ ಸತ್ತವರ ಸರಾಸರಿ ವಯಸ್ಸು 35 ಕೂಡ ತುಂಬಿರಲಿಲ್ಲ.

ನಾನು ಒಂದನೇ ತರಗತಿಗೆ ಸೇರಿದ್ದು 1986ರಲ್ಲಿ. ಅಜ್ಜ ಸಂತೆಯಿಂದ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದಿದ್ದರು. ಆ ಡಬ್ಬಿ ಯಾವ ಊರಿನದೋ ನನಗೆ ಹೇಳಲಾಗದು. ಆದರೆ ಅದೇ ವರ್ಷಗಳಲ್ಲಿ ಮಂದಸೌರ್‌ನ ಶೆಡ್ಡುಗಳಲ್ಲಿ ನನ್ನ ಅಪ್ಪನ ವಯಸ್ಸಿನವರು ಉಸಿರು ಸಿಗದೆ ಸಾಯುತ್ತಿದ್ದರು ಎಂದು ಓದಿದ ದಿನದಿಂದ ಬಳಪ ನನಗೆ ಬರೀ ಬಳಪವಾಗಿ ಕಾಣುತ್ತಿಲ್ಲ.

ಗೊತ್ತಿರಲಿಲ್ಲವೇ?

ಆಗ ಯಾರಿಗೂ ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವ ಹಾಗಿಲ್ಲ. 1556ರಲ್ಲಿ ಪ್ರಕಟವಾದ ಗಣಿಗಾರಿಕೆಯ ಗ್ರಂಥದಲ್ಲಿ ಅಗ್ರಿಕೋಲ ಎಂಬ ವಿದ್ವಾಂಸ, ಯೂರೋಪಿನ ಕಾರ್ಪೇಥಿಯನ್ ಬೆಟ್ಟಗಳ ಗಣಿ ಊರುಗಳಲ್ಲಿ ಏಳು ಗಂಡಂದಿರನ್ನು ಮಣ್ಣು ಮಾಡಿದ ಹೆಂಗಸರಿದ್ದಾರೆ ಎಂದು ದಾಖಲಿಸಿದ್ದ. 1700ರಲ್ಲಿ ಇಟಲಿಯ ವೈದ್ಯ ರಾಮಜ್ಜಿನಿ ಕಸುಬುದಾರರ ಕಾಯಿಲೆಗಳ ಬಗ್ಗೆಯೇ ಪುಸ್ತಕ ಬರೆದ. ಕಲ್ಲುಕುಟಿಗರ ಎದೆಗೆ ಕಲ್ಲಿನ ಚೂರು ಸೇರುವುದನ್ನು ಅದರಲ್ಲಿ ವಿವರಿಸಿದ್ದಾನೆ. ರೋಗಿಯನ್ನು ನೋಡುವ ವೈದ್ಯ ಇತರ ಪ್ರಶ್ನೆಗಳ ಜೊತೆ 'ನೀನು ಏನು ಕೆಲಸ ಮಾಡುತ್ತೀ' ಎಂದೂ ಕೇಳಬೇಕು ಎಂದವನು ಅವನೇ.

ಅಷ್ಟು ದೂರ ಯಾಕೆ, ನಮ್ಮ ಕನ್ನಡ ನಾಡಿಗೇ ಬರೋಣ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ತಂದಿತು. 1940ರ ದಶಕದಲ್ಲಿ ಅಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ತಪಾಸಣೆ ನಡೆಯಿತು. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ರೋಗವಿತ್ತು. ಧೂಳು ಏಳದಂತೆ ನೀರು ಹಾಯಿಸಿಕೊಂಡು ಕೊರೆಯುವ ಪದ್ಧತಿ ಅಲ್ಲಿ ಬಳಕೆಗೆ ಬಂತು. ಗಣಿಯಲ್ಲಿ ಎಲ್ಲವೂ ನ್ಯಾಯವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ನೂರರಲ್ಲಿ ನಲವತ್ತು ಎಂಬ ಅಂಕಿಯೇ ಅಲ್ಲಿನ ಕಷ್ಟವನ್ನು ಹೇಳುತ್ತದೆ. ಆದರೆ ಅಲ್ಲಿ ಆಸ್ಪತ್ರೆ ಇತ್ತು, ಎಕ್ಸ್‌ರೇ ಇತ್ತು, ಹಾಜರಿ ಪುಸ್ತಕ ಇತ್ತು, ಸಾವಿರಾರು ಜನ ಒಂದೇ ಕಡೆ ಇದ್ದುದರಿಂದ ಸಂಘ ಕಟ್ಟಲು ಸಾಧ್ಯವಿತ್ತು. ಯಾರು ಎಷ್ಟು ವರ್ಷ ಯಾರ ಕೈಕೆಳಗೆ ದುಡಿದರು ಎಂದು ತೋರಿಸಲು ಕಾಗದ ಇತ್ತು.

ಮಂದಸೌರ್‌ನ ಶೆಡ್ಡಿನಲ್ಲಿ ಇವು ಯಾವುವೂ ಇರಲಿಲ್ಲ. 1934ರಲ್ಲಿ ದೊಡ್ಡ ಗಣಿಯಲ್ಲಿ ಗೊತ್ತಾದ ವಿಷಯ ಸಣ್ಣ ಶೆಡ್ಡಿಗೆ ತಲುಪಲು ಐವತ್ತು ವರ್ಷ ಬೇಕಾಯಿತು. ಯಾಕೆ ಇಷ್ಟು ತಡ ಎಂದು ನೋಡಲು ಕಾನೂನಿನ ಲೆಕ್ಕ ನೋಡಬೇಕು.

ತಲೆ ಎಣಿಸುವ ಕಾನೂನು

ನಮ್ಮ ದೇಶದ ಮೊದಲ ಫ್ಯಾಕ್ಟರಿ ಕಾನೂನು 1881ರದು. ಅದು ಯಂತ್ರಶಕ್ತಿ ಬಳಸುವ, 100 ಜನರಾದರೂ ಕೆಲಸ ಮಾಡುವ ಜಾಗಕ್ಕೆ ಮಾತ್ರ ಅನ್ವಯಿಸುತ್ತಿತ್ತು. 1891ರಲ್ಲಿ ಆ ಸಂಖ್ಯೆ 50ಕ್ಕೆ ಇಳಿಯಿತು. 1922ರಲ್ಲಿ 20ಕ್ಕೆ ಇಳಿಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಫ್ಯಾಕ್ಟರಿ ಕಾಯ್ದೆ ಯಂತ್ರಶಕ್ತಿ ಇದ್ದರೆ 10, ಇಲ್ಲದಿದ್ದರೆ 20 ಎಂದು ಗೊತ್ತು ಮಾಡಿತು. ಧೂಳನ್ನು ಹೊರಹಾಕಬೇಕು, ಯಂತ್ರಕ್ಕೆ ಬೇಲಿ ಇರಬೇಕು, ಸಿಲಿಕೋಸಿಸ್ ಕಂಡ ವೈದ್ಯ ಸರ್ಕಾರಕ್ಕೆ ತಿಳಿಸಬೇಕು ಎಂಬೆಲ್ಲ ಒಳ್ಳೆಯ ಮಾತುಗಳು ಆ ಕಾಯ್ದೆಯಲ್ಲಿವೆ. ಆದರೆ ಅವೆಲ್ಲ ಹತ್ತನೆಯ ಆಳು ಬಂದ ಮೇಲೆ.

ಒಂಬತ್ತು ಜನ ಇರುವ ಶೆಡ್ಡಿನ ಕಥೆ ಏನು? ಅಂಥ ಕಡೆಗೂ ಕಾಯ್ದೆಯನ್ನು ಅನ್ವಯಿಸುವ ಅಧಿಕಾರವನ್ನು 85ನೇ ಕಲಂ ರಾಜ್ಯ ಸರ್ಕಾರಗಳಿಗೆ ಕೊಟ್ಟಿತ್ತು. ಆದರೆ ಅದನ್ನು ಬಳಸಬೇಕು, ಬಳಸಿದ ಮೇಲೆ ನೋಡಿಕೊಳ್ಳಲು ಇನ್ಸ್‌ಪೆಕ್ಟರ್ ಬೇಕು. ಸಣ್ಣ ಉದ್ಯಮಗಳಲ್ಲಿ ಇನ್ನೊಂದು ಉಪಾಯವೂ ಬೆಳೆಯಿತು. ಹದಿನಾರು ಜನ ಇದ್ದರೆ ನಡುವೆ ಒಂದು ಗೋಡೆ ಎಬ್ಬಿಸಿ, ಅಣ್ಣನ ಹೆಸರಲ್ಲಿ ಒಂದು, ತಮ್ಮನ ಹೆಸರಲ್ಲಿ ಒಂದು ಎಂದು ಎರಡು ಘಟಕ ಮಾಡುವುದು. ಎರಡರಲ್ಲೂ ಎಂಟೆಂಟು ಜನ, ಹಾಗಾಗಿ ಎರಡೂ ಫ್ಯಾಕ್ಟರಿ ಅಲ್ಲ. ಗಾಳಿ ಮಾತ್ರ ಗೋಡೆಯ ಮೇಲಿಂದ ಎರಡೂ ಕಡೆ ಒಂದೇ.

ಪರಿಹಾರದ ಕಾನೂನು ಕೂಡ ಹಳೆಯದೇ. ಕಾರ್ಮಿಕರ ಪರಿಹಾರ ಕಾಯ್ದೆ 1923ರದು, ಜಾರಿಗೆ ಬಂದದ್ದು 1924ರ ಜುಲೈ 1ರಂದು. ಕೆಲಸದಲ್ಲಿ ಆದ ಅಪಘಾತಕ್ಕಷ್ಟೇ ಅಲ್ಲ, ಕೆಲಸದಿಂದ ಬಂದ ಕೆಲವು ರೋಗಗಳಿಗೂ ಮಾಲೀಕ ಪರಿಹಾರ ಕೊಡಬೇಕು ಎಂದು ಅದು ಹೇಳಿತು. ಮುಂದೆ ಸಿಲಿಕೋಸಿಸ್ ಸಹ ಆ ಪಟ್ಟಿಯಲ್ಲಿ ಬಂತು. ಆದರೆ ಪಡೆಯುವವನು ಎರಡು ವಿಷಯ ಸಾಬೀತು ಮಾಡಬೇಕು: ನನಗೆ ಇರುವುದು ಈ ರೋಗ, ನಾನು ದುಡಿದದ್ದು ಇವರ ಬಳಿ. ಎಕ್ಸ್‌ರೇ ನೋಡಿದ ಎಷ್ಟೋ ಡಾಕ್ಟರು 'ಕ್ಷಯ' ಎಂದು ಬರೆದುಬಿಡುತ್ತಿದ್ದರು, ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ. ಇನ್ನು ದಿನಗೂಲಿಗೆ ಹಾಜರಿ ಪುಸ್ತಕ ಎಲ್ಲಿಂದ ತರಬೇಕು?

ಇದನ್ನು ಕಂಡು ಮಧ್ಯಪ್ರದೇಶ ಸರ್ಕಾರ 1982ರಲ್ಲಿ ಸ್ಲೇಟು ಪೆನ್ಸಿಲ್ ಕಾರ್ಮಿಕರ ಕಲ್ಯಾಣ ನಿಧಿಗೆ ಒಂದು ಪ್ರತ್ಯೇಕ ಕಾಯ್ದೆ ಮಾಡಿತು. ಕತ್ತರಿಸುವ ಜಾಗದಲ್ಲೇ ಧೂಳನ್ನು ಎಳೆದು ಹೊರಹಾಕುವ ಕೊಳವೆ ಮತ್ತು ಫ್ಯಾನುಗಳ ವ್ಯವಸ್ಥೆಯೂ ಬಂತು. ಒಂದು ಚಿಕ್ಕ ಕಸುಬಿಗಾಗಿ ಒಂದು ರಾಜ್ಯ ಬೇರೆ ಕಾನೂನನ್ನೇ ಮಾಡಬೇಕಾಯಿತು ಎಂದರೆ ಅಲ್ಲಿ ವಿಧವೆಯರ ಸಂಖ್ಯೆ ಎಷ್ಟಿತ್ತು ಎಂದು ಊಹಿಸಿಕೊಳ್ಳಬಹುದು.

ಬಳಪ ಮಾಡಿದ ಮಕ್ಕಳು

ನಮ್ಮಂಥ ಶಿಕ್ಷಕರಿಗೆ ಹೆಚ್ಚು ಚುಚ್ಚುವ ಭಾಗ ಮುಂದಿದೆ. ಸ್ಲೇಟಿನ ಕೆಲಸದಲ್ಲಿ ಮಕ್ಕಳೂ ಇದ್ದರು. 1986ರಲ್ಲಿ ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆ ಬಂದಾಗ ಮಕ್ಕಳು ಮಾಡಬಾರದ ಕೆಲಸಗಳ ಪಟ್ಟಿಯಲ್ಲಿ ಬೀಡಿ, ರತ್ನಗಂಬಳಿ, ಬೆಂಕಿಪೊಟ್ಟಣ ಇತ್ಯಾದಿ ಇದ್ದವು. ಸ್ಲೇಟು ಪೆನ್ಸಿಲ್ ತಯಾರಿಕೆ ಮತ್ತು ಅದನ್ನು ಡಬ್ಬಿಗೆ ತುಂಬುವ ಕೆಲಸ ಆಮೇಲೆ ಸೇರಿದವು.

1996ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಮೊಕದ್ದಮೆ ಶುರುವಾದದ್ದು ಶಿವಕಾಶಿಯ ಬೆಂಕಿಪೊಟ್ಟಣ ಮತ್ತು ಪಟಾಕಿ ಕೆಲಸದ ಮಕ್ಕಳಿಗಾಗಿ. ತೀರ್ಪಿನಲ್ಲಿ ಮೊದಲು ಕೈಹಾಕಬೇಕಾದ ಒಂಬತ್ತು ಉದ್ಯಮಗಳನ್ನು ಹೆಸರಿಸಲಾಯಿತು. ಶಿವಕಾಶಿಯ ಬೆಂಕಿಪೊಟ್ಟಣ, ಸೂರತ್‌ನ ವಜ್ರ, ಜೈಪುರದ ಹರಳು, ಫಿರೋಜಾಬಾದಿನ ಗಾಜು, ಮೊರಾದಾಬಾದಿನ ಹಿತ್ತಾಳೆ, ಮಿರ್ಜಾಪುರದ ಗಂಬಳಿ, ಅಲಿಗಢದ ಬೀಗ. ಉಳಿದೆರಡು ಮಾರ್ಕಾಪುರದ ಸ್ಲೇಟು ಮತ್ತು ಮಂದಸೌರ್‌ನ ಸ್ಲೇಟು. ಕಾನೂನು ಮೀರಿ ಮಗುವನ್ನು ದುಡಿಸಿದ ಮಾಲೀಕ ಮಗುವೊಂದಕ್ಕೆ 20,000 ರೂಪಾಯಿ ಕಟ್ಟಬೇಕು, ಆ ಹಣ ಮಗುವಿನ ಕಲ್ಯಾಣಕ್ಕೆ ಹೋಗಬೇಕು, ಆ ಮನೆಯ ಒಬ್ಬ ದೊಡ್ಡವರಿಗೆ ಸರ್ಕಾರ ಕೆಲಸ ಕೊಡಿಸಬೇಕು, ಆಗದಿದ್ದರೆ ತಾನೂ 5,000 ರೂಪಾಯಿ ಸೇರಿಸಬೇಕು ಎಂದು ಕೋರ್ಟು ಹೇಳಿತು.

ಆ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ. ಒಂಬತ್ತರಲ್ಲಿ ಎರಡು, ಮಕ್ಕಳು ಅಕ್ಷರ ಕಲಿಯಲು ಬೇಕಾದ ವಸ್ತು ಮಾಡುವ ಊರುಗಳು. ಒಂದು ಊರಿನ ಮಗು 'ಅ ಆ' ತಿದ್ದಲಿ ಎಂದು ಇನ್ನೊಂದು ಊರಿನ ಮಗು ಶಾಲೆ ಬಿಟ್ಟು ಕಲ್ಲಿನ ಪುಡಿಯಲ್ಲಿ ಕುಳಿತಿತ್ತು. ಬಳ್ಳಾರಿಯಲ್ಲಿ ಟಿ.ಸಿ.ಎಚ್. ಓದುವಾಗ ಬೋಧನೋಪಕರಣಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ. ಮೊದಲ ಉಪಕರಣವೇ ಸ್ಲೇಟು. ಅದನ್ನು ಯಾರು ಮಾಡುತ್ತಾರೆ ಎಂದು ನಾವು ಯಾರೂ ಕೇಳಲಿಲ್ಲ. ನನ್ನ ಎರಡನೇ ತರಗತಿಯ ಹುಡುಗ ಕೇಳಿದ.

ಕಥೆ ಮುಗಿದಿಲ್ಲ

ಈಗ ಪ್ಲಾಸ್ಟಿಕ್ ಸ್ಲೇಟು ಬಂದಿದೆ, ನೋಟ್‌ಬುಕ್ಕು ಒಂದನೇ ತರಗತಿಗೇ ಬಂದಿದೆ. ಕಲ್ಲಿನ ಸ್ಲೇಟು ಕಡಿಮೆಯಾಗಿದೆ. ಆದರೆ ಕಲ್ಲು ಒಡೆಯುವುದು ನಿಂತಿಲ್ಲ, ಸಣ್ಣ ಶೆಡ್ಡುಗಳೂ ನಿಂತಿಲ್ಲ.

ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಕಡೆಯ ಆದಿವಾಸಿಗಳು ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚುಕಲ್ಲು ಪುಡಿ ಮಾಡುವ ಘಟಕಗಳಿಗೆ ಕೂಲಿಗೆ ಹೋಗಿ, ರೋಗ ಹೊತ್ತು ಊರಿಗೆ ಬಂದು ಸತ್ತರು. ಸತ್ತದ್ದು ಒಂದು ರಾಜ್ಯದಲ್ಲಿ, ದುಡಿದದ್ದು ಇನ್ನೊಂದು ರಾಜ್ಯದಲ್ಲಿ. ಗಡಿಯಲ್ಲಿ ಬದುಕುವ ನಮಗೆ ಈ ತೊಡಕು ಚೆನ್ನಾಗಿ ಅರ್ಥವಾಗುತ್ತದೆ. 2010ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 238 ಸಾವುಗಳಿಗೆ ಪರಿಹಾರ ಕೊಡಲು ಹೇಳಿತು. ಆ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಗುಜರಾತ್ ಸರ್ಕಾರಕ್ಕೆ ಆದೇಶ ಕೊಟ್ಟದ್ದು 2016ರಲ್ಲಿ. ರಾಜಸ್ಥಾನ 2019ರಲ್ಲಿ ಈ ರೋಗಕ್ಕೆಂದೇ ಒಂದು ನೀತಿ ತಂದಿತು.

ಕಲ್ಲಿನ ಕೆಲಸವೇ ಆಗಬೇಕೆಂದಿಲ್ಲ. ಜೀನ್ಸ್ ಎಂದರೆ ರಾಯದುರ್ಗ, ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೂರದ ಟರ್ಕಿ ದೇಶದಲ್ಲಿ ಹೊಸ ಜೀನ್ಸ್ ಹಳೆಯದರಂತೆ ಕಾಣಲೆಂದು ಅದರ ಮೇಲೆ ಗಾಳಿಯ ರಭಸದಿಂದ ಮರಳು ಹೊಡೆಯುತ್ತಿದ್ದರು. ಕಿಟಕಿ ಇಲ್ಲದ ಸಣ್ಣ ಕೋಣೆಗಳು, ಹಳ್ಳಿಯಿಂದ ಬಂದ ಹುಡುಗರು. ಕೆಲವೇ ವರ್ಷಗಳಲ್ಲಿ ಅವರಿಗೆ ಸಿಲಿಕೋಸಿಸ್ ಬಂತು. 2009ರಲ್ಲಿ ಟರ್ಕಿ ಆ ಪದ್ಧತಿಯನ್ನು ನಿಷೇಧಿಸಿತು.

ನಮ್ಮ ದೇಶದ ಕಾನೂನೂ ಬದಲಾಗಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಫ್ಯಾಕ್ಟರಿ ಕಾಯ್ದೆಯ ಜಾಗದಲ್ಲಿ ಬಂದ ಸಂಹಿತೆಯ ಪ್ರಕಾರ ಫ್ಯಾಕ್ಟರಿ ಎನ್ನಿಸಿಕೊಳ್ಳಲು ಯಂತ್ರಶಕ್ತಿ ಇದ್ದರೆ 20 ಜನ, ಇಲ್ಲದಿದ್ದರೆ 40 ಜನ ಬೇಕು. ನೂರರಿಂದ ಹತ್ತಕ್ಕೆ ಇಳಿಯಲು 67 ವರ್ಷ ಹಿಡಿದಿದ್ದ ಸಂಖ್ಯೆ ಮತ್ತೆ ಇಪ್ಪತ್ತಕ್ಕೆ ಏರಿತು. ಅಪಾಯಕಾರಿ ಎಂದು ಸರ್ಕಾರ ಗುರುತಿಸಿದ ಕೆಲಸವಾದರೆ ಒಬ್ಬನೇ ಕಾರ್ಮಿಕ ಇದ್ದರೂ ಸಂಹಿತೆಯನ್ನು ಅನ್ವಯಿಸಬಹುದು ಎಂದೂ ಅದರಲ್ಲಿದೆ. ಅದು ಒಳ್ಳೆಯ ಮಾತು. ಆದರೆ 85ನೇ ಕಲಮಿನ ಹಾಗೆ ಇದನ್ನೂ ಯಾರಾದರೂ ಬಳಸಬೇಕು. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂಬ ಅಂಶವೂ ಇದೆ. ಅದನ್ನು ಓದಿದಾಗ ನನಗೆ ಮಂದಸೌರ್‌ನ ಆ 35 ವರ್ಷದ ಲೆಕ್ಕ ನೆನಪಾಯಿತು.

ನಾವು ಏನು ಮಾಡಬಹುದು?

ಕಾನೂನು ಮಾಡುವವರು ನಾವಲ್ಲ. ಆದರೆ ಒಂದು ಪುಸ್ತಕ ನಮ್ಮ ಕೈಯಲ್ಲಿದೆ, ಅದು ಶಾಲೆಯ ಅಡ್ಮಿಷನ್ ರಿಜಿಸ್ಟರ್.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿ ಪದೇ ಪದೇ ಶಾಲೆ ತಪ್ಪಿಸುತ್ತಿದ್ದಳು. ವಿಚಾರಿಸಿದರೆ "ಅಪ್ಪಗೆ ದಮ್ಮು ಸಾರ್, ಆಸ್ಪತ್ರೆಗೆ ಹೋಗಿದ್ವಿ" ಎನ್ನುತ್ತಿದ್ದಳು. ಮನೆಗೆ ಹೋಗಿ ನೋಡಿದೆ. ಎರಡು ಸಲ ಕ್ಷಯದ ಮಾತ್ರೆ ಪೂರ್ತಿ ತೆಗೆದುಕೊಂಡಿದ್ದರೂ ಆ ಮನುಷ್ಯನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಾತಿನ ನಡುವೆ, ಹನ್ನೊಂದು ವರ್ಷ ಜಲ್ಲಿ ಕ್ರಷರ್‌ನಲ್ಲಿ ಇದ್ದೆ ಎಂದರು. "ಡಾಕ್ಟರಿಗೆ ಹೇಳಿದಿರಾ?" ಎಂದೆ. "ಅವರು ಕೇಳಲಿಲ್ಲ ಮೇಷ್ಟ್ರೇ, ನಾನೂ ಹೇಳಲಿಲ್ಲ" ಎಂದರು. ಅವರಿಗೆ ಇದ್ದದ್ದು ಸಿಲಿಕೋಸಿಸ್ಸೋ ಅಲ್ಲವೋ ಹೇಳಲು ನಾನು ವೈದ್ಯನಲ್ಲ. ಮುಂದಿನ ಸಲ ದೊಡ್ಡ ಆಸ್ಪತ್ರೆಗೆ ಹೋಗುವಾಗ ಯಾವ ಕೆಲಸ, ಎಷ್ಟು ವರ್ಷ, ಯಾವ ಊರು ಎಂದು ಒಂದು ಹಾಳೆಯಲ್ಲಿ ತೆಲುಗಿನಲ್ಲಿ ಬರೆದುಕೊಟ್ಟೆ. ಅವರು ಆ ಮಳೆಗಾಲ ದಾಟಲಿಲ್ಲ.

ಆಮೇಲೆ ರಿಜಿಸ್ಟರ್ ತೆಗೆದು ನೋಡಿದೆ. ಆ ಹುಡುಗಿಯ ಸಾಲಿನಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ 'ಕೂಲಿ' ಎಂದಿತ್ತು. ಅಕ್ಷರ ನನ್ನದೇ. ಮೇಲೆ ಕೆಳಗೆ ನೋಡಿದರೆ ಪುಟ ತುಂಬ ಕೂಲಿ, ಕೂಲಿ, ಕೂಲಿ. ಹೊಲದ ಕೆಲಸವೋ, ಕ್ರಷರೋ, ಹೊಲಿಗೆಯೋ, ಬಟ್ಟಿಯೋ, ಯಾವುದೂ ಇಲ್ಲ. ರಾಮಜ್ಜಿನಿ 1700ರಲ್ಲಿ ವೈದ್ಯರಿಗೆ ಹೇಳಿದ ಪ್ರಶ್ನೆಯನ್ನು ಮೇಷ್ಟ್ರಾದ ನಾನೂ ಕೇಳಿರಲಿಲ್ಲ.

ಈಗ ಪ್ರವೇಶದ ಸಮಯದಲ್ಲಿ ಬಿಡಿಸಿ ಕೇಳುತ್ತೇನೆ. ಕಂಪ್ಯೂಟರಿನ ಫಾರಂನಲ್ಲಿ ಜಾಗ ಇಲ್ಲದಿದ್ದರೆ ಶಾಲೆಯ ಪುಸ್ತಕದಲ್ಲಿ ಬರೆದಿಡುತ್ತೇನೆ: 'ಜಲ್ಲಿ ಕ್ರಷರ್, 6 ವರ್ಷ', 'ಟೈಲ್ಸ್ ಕತ್ತರಿಸುವುದು, 3 ವರ್ಷ'. ಮುಂದೆ ಯಾವ ಮನೆಗಾದರೂ ಕಾಗದ ಬೇಕಾದಾಗ ಈ ಒಂದು ಸಾಲು ಉಪಯೋಗಕ್ಕೆ ಬರಬಹುದು, ಬಾರದೆಯೂ ಇರಬಹುದು. ಗಡಿಯಾಚೆ ಈಚೆ ಇರುವ ನನ್ನ ಶಿಕ್ಷಕ ಮಿತ್ರರಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಿಮ್ಮ ಶಾಲೆಯಲ್ಲೂ ಹೀಗೆ ಬರೆಯಿರಿ. ಧೂಳಿನ ಕೆಲಸ ಮಾಡುವ ತಂದೆತಾಯಿಯರಿಗೆ ಪೋಷಕರ ಸಭೆಯಲ್ಲಿ ಎರಡು ಮಾತು ಹೇಳಿ. ಕಲ್ಲು ಕತ್ತರಿಸುವಾಗ ನೀರು ಬಿಟ್ಟುಕೊಳ್ಳಿ, ಮುಖಕ್ಕೆ ಕಟ್ಟುವ ಟವೆಲ್ಲು ಸಣ್ಣ ಧೂಳನ್ನು ತಡೆಯುವುದಿಲ್ಲ. ಕೆಮ್ಮು ದಮ್ಮು ಎಂದು ಆಸ್ಪತ್ರೆಗೆ ಹೋದರೆ ಡಾಕ್ಟರು ಕೇಳದಿದ್ದರೂ ನಿಮ್ಮ ಕೆಲಸ ಏನೆಂದು ನೀವೇ ಹೇಳಿ.

ಮಾರನೆಯ ದಿನ ಆ ಹುಡುಗನಿಗೆ ಸರಿಯಾದ ಉತ್ತರ ಹೇಳಿದೆ. "ಬಳಪ ಮಾಡೋದು ನಮ್ಮ ನಿಮ್ಮಂಥ ಮನುಷ್ಯರೇ ಕಣಪ್ಪಾ. ಕಲ್ಲು ಕತ್ತರಿಸಿ ಮಾಡ್ತಿದ್ರು, ಆ ಧೂಳು ಕುಡಿದು ತುಂಬಾ ಜನ ಸತ್ತುಹೋದ್ರು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಳಪವನ್ನು ನೆಲಕ್ಕೆ ತಿಕ್ಕುವುದು ಬಿಟ್ಟು ಲೆಕ್ಕ ಮಾಡಲು ಕುಳಿತ. ಏಳು ಕೂಡಿಸು ಐದು, ಹನ್ನೊಂದು ಎಂದು ಬರೆದಿದ್ದ. ತಿದ್ದಿ ಕೊಟ್ಟೆ.